ಕೆರೆಯ ಚಿತ್ರದ ಹಿಂದೆ

4 ಫೆಬ್ರವರಿ

ಮೊರನಿಗೆ,

ಮೊರದಗಲ ಕಿವಿ ಇಟ್ಟುಕೊಂಡೂ ಫೋನಿನಲ್ಲಿ ಒಂದು ಮಾತೂ ಕೇಳಿಸಿಕೊಳ್ಳದ ತಮ್ಮ ಈ ಲೋಕದಲ್ಲಿ ನೀನೊಬ್ಬನೇ ಇರಬೇಕು. "ಹೂಂ ಅಕ್ಕ, ಸರಿ ಅಕ್ಕ" ಎಂದು ಮುಗಿಸಿಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದಕ್ಕೆ ಹೂಂಗುಟ್ಟಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಕೂತು ಓದಲೇಬೇಕು.

ಕಟ್ಟಡದ ಯಜಮಾನರು ನಿನ್ನೆ ಅಂಗಡಿಗೆ ಬಂದಿದ್ದರು. ಅಪ್ಪ ಇದ್ದಾಗ ಸ್ಟೂಲಿನ ಮೇಲೆ ಕೂತು ಗಂಟೆಗಟ್ಟಲೆ ಹರಟುತ್ತಿದ್ದ ಮನುಷ್ಯ, ನಿನ್ನೆ ಬಾಗಿಲಲ್ಲೇ ನಿಂತರು. "ನೋಡಮ್ಮ, ನನ್ನ ಮಗ ಎಲ್ಲಾ ಮಾತಾಡಿ ಮುಗಿಸಿಬಿಟ್ಟಿದಾನೆ, ನನ್ನದೇನೂ ನಡೆಯಲ್ಲ" ಅಂದರು. ಕಂಕುಳಲ್ಲಿ ಹೊಸ ನಕ್ಷೆ ಸುತ್ತಿಟ್ಟುಕೊಂಡಿದ್ದರು. ನಮ್ಮ ಫೋಟೋಗೆ ಕಟ್ಟು ಹಾಕುವ ಅಂಗಡಿ, ಪಕ್ಕದ ಇಸ್ತ್ರಿ ಅಣ್ಣನ ಅಂಗಡಿ, ಆಚೆ ಬೀಗ ರಿಪೇರಿಯವರ ಗೂಡು, ಮೂರರ ನಡುವಿನ ಗೋಡೆ ಒಡೆದು ಒಂದೇ ದೊಡ್ಡ ಕಾಫಿ ಅಂಗಡಿ ಮಾಡುತ್ತಾರಂತೆ. ಏಪ್ರಿಲ್ ಹೊತ್ತಿಗೆ ಖಾಲಿ ಮಾಡಬೇಕಂತೆ.

ಬೀದಿ ನೋಡಿದರೆ ನಿನಗೆ ಗುರುತೇ ಸಿಗುವುದಿಲ್ಲ. ಹಿಟ್ಟಿನ ಗಿರಣಿ ಇದ್ದ ಕಡೆ ಜಿಮ್ ಬಂದಿದೆ. ಜನ ದುಡ್ಡು ಕೊಟ್ಟು ಬೆವರುತ್ತಾರೆ, ಗಿರಣಿಯವನು ಪಾಪ ಪುಕ್ಕಟೆ ಬೆವರುತ್ತಿದ್ದ. ಕ್ಷೌರದಂಗಡಿ ಎದ್ದುಹೋಯಿತು, ಅದೇ ಜಾಗದಲ್ಲಿ ನಾಯಿಗಳಿಗೆ ಕೂದಲು ಕತ್ತರಿಸುತ್ತಾರೆ. ಇನ್ನು ಮೇಲೆ ಇಸ್ತ್ರಿ ಅಣ್ಣ ತಲೆ ಬೋಳಿಸಿಕೊಳ್ಳಬೇಕಾದರೆ ಬೊಗಳುವುದು ಕಲಿಯಬೇಕು.

ಕಾಫಿ ಅಂಗಡಿಯವಳೂ ಬಂದಿದ್ದಳು, ಕೆಂಪು ಕನ್ನಡಕ ಹಾಕಿಕೊಳ್ಳುವ ಹುಡುಗಿ. ನೂರು ಸಲ "ಆಂಟಿ" ಅಂದಳು. ಮೇಜಿನ ಮೇಲುಗಡೆ ಇರುವ ಕೆರೆ ಚಿತ್ರ ಗೊತ್ತಲ್ಲ, ದೋಣಿಯೊಂದು ನಿಂತಿರುವುದು, ಅಪ್ಪ ಗಿರಾಕಿಗಳಿಗೆ ಮಾದರಿಗೆ ಅಂತ ತೂಗುಹಾಕಿದ್ದು? ಅದರ ಕಟ್ಟನ್ನು ಸವರಿ ಸವರಿ ನೋಡಿ, "ಇದು ನಂಗೆ ಬೇಕೇ ಬೇಕು" ಅಂದಳು. ಕೊಡಲ್ಲ ಅಂದೆ. ಮುಖ ಸಣ್ಣದಾಯಿತು.

ಆಮೇಲೆ ಗಿರಾಕಿಗಳು ಒಯ್ಯದೆ ಬಿಟ್ಟ ಫೋಟೋಗಳನ್ನು ಏನು ಮಾಡುತ್ತೀರಿ ಅಂತ ಕೇಳಿದಳು. ಅಪ್ಪನ ಪದ್ಧತಿ ಹೇಳಿದೆ. ಯಾರ ಮುಖವನ್ನೂ ಕಸಕ್ಕೆ ಹಾಕಬಾರದು, ಹೊಸ ಫೋಟೋ ಹಿಂದೆ ರಟ್ಟಿನ ಜೊತೆ ಸೇರಿಸಿ ಮೊಳೆ ಹೊಡೆದುಬಿಡಬೇಕು. ಈ ಊರಿನ ಎಷ್ಟೋ ಮನೆಗಳಲ್ಲಿ ಮದುಮಕ್ಕಳ ಬೆನ್ನ ಹಿಂದೆ ಗುರುತು ಪರಿಚಯ ಇಲ್ಲದವರು ನಿಂತಿದ್ದಾರೆ, ಅವರಿಗೇ ಗೊತ್ತಿಲ್ಲ ಅಂದೆ. ಅವಳು ಹೆದರಿದಳೋ ನಕ್ಕಳೋ ತಿಳಿಯಲಿಲ್ಲ.

ಇನ್ನೊಂದು ಮಾತು. ಅಂಗಡಿ ಮುಚ್ಚುವ ದಿನ ನಿನ್ನ ಕೈಗೆ ಕೊಡಬೇಕಾದ್ದೊಂದು ನನ್ನ ಹತ್ತಿರ ಇದೆ. ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ಆದರೆ ನಾನು ಮುಚ್ಚುವುದಿಲ್ಲ, ಆದ್ದರಿಂದ ನೀನೂ ಕೇಳಬೇಡ.

ನಿನ್ನ ಅಕ್ಕ


19 ಫೆಬ್ರವರಿ

ಅಕ್ಕಾ,

ಓದಿದೆ, ಕೂತೇ ಓದಿದೆ. ಹಠ ಮಾಡಬೇಡ. ಯಜಮಾನರ ಮಗ ಒಮ್ಮೆ ಹೂಂ ಅಂದ ಮೇಲೆ ಮುಗಿಯಿತು. ನಾನು ಇಲ್ಲಿ ದಿನಾ ನೋಡುತ್ತೇನೆ, ನಿಂತು ಕೂಗಾಡಿದವರೆಲ್ಲ ಕೊನೆಗೆ ಸಾಮಾನು ಹೊತ್ತುಕೊಂಡು ಹೋಗುವವರೇ. ಮಾರ್ಚ್ ಕೊನೆಗೆ ಎರಡು ದಿನದ ಮಟ್ಟಿಗೆ ಬರುತ್ತೇನೆ, ಸಾಮಾನು ಕಟ್ಟಿಕೊಡುತ್ತೇನೆ.

ನೀನು ಕೊಡಬೇಕಾದ್ದು ಏನು ಅಂತ ಗೊತ್ತು. ಅಪ್ಪನ ಗಾಜು ಕೊಯ್ಯುವ ವಜ್ರ ತಾನೆ? ಇಟ್ಟುಕೋ. ಇಲ್ಲಿ ಗಾಜು ಯಂತ್ರದಲ್ಲೇ ಕೊಯ್ದು ಬರುತ್ತದೆ. ನಮ್ಮದು ಬರೀ ಅಂಟು ಹಚ್ಚಿ ಕಟ್ಟಡಕ್ಕೆ ಕೂರಿಸುವ ಕೆಲಸ. ಊಟಕ್ಕೆ ಕೂತರೂ ಕೈಯಿಂದ ಅಂಟಿನ ಹುಳಿ ವಾಸನೆ ಹೋಗುವುದಿಲ್ಲ. ಹೆಲ್ಮೆಟ್ಟಿನೊಳಗೆ ನನ್ನ ಕಿವಿ ಹಿಡಿಸುವುದಿಲ್ಲ ಅಂತ ಮೇಸ್ತ್ರಿಗೆ ದಿನಾ ತಮಾಷೆ. ಅಪ್ಪನ ಕಿವಿ ಚಿಕ್ಕದು, ನಿನ್ನದು ಚಿಕ್ಕದು, ನಾನೊಬ್ಬ ಇದನ್ನು ಯಾವ ಸಂತೆಯಿಂದ ತಂದೆನೋ. ಅಮ್ಮನ ಇದ್ದೊಂದು ಫೋಟೋ ಸೂರು ಸೋರಿ ಹಾಳಾಗದಿದ್ದರೆ ನೋಡಿಯಾದರೂ ತಿಳಿದುಕೊಳ್ಳಬಹುದಿತ್ತು.

ಮೊರ


11 ಏಪ್ರಿಲ್

ಮೊರನಿಗೆ,

ನೀನು ಬಂದು ಹೋದದ್ದು ಒಳ್ಳೆಯದಾಯಿತು. ಎದೆ ಮುಂದೆ ಮಾಡಿ "ಮುಚ್ಚಲ್ಲ" ಅಂದವಳು ನಾನೇ, ಕೊನೆಗೆ ಬೀಗದ ಕೈ ಯಜಮಾನರ ಮಗನ ಅಂಗೈಯಲ್ಲಿಟ್ಟು ಬಂದವಳೂ ನಾನೇ. ಅವನು ಫೋನಿನಿಂದ ತಲೆ ಎತ್ತಲಿಲ್ಲ.

ನಾನು ಇಸ್ತ್ರಿ ಅತ್ತಿಗೆಯನ್ನು ಆಸ್ಪತ್ರೆಗೆ ತೋರಿಸಿಕೊಂಡು ಬರುವಷ್ಟರಲ್ಲಿ ನೀನು ಇಡೀ ಅಂಗಡಿಯನ್ನು ಗೋಣಿಚೀಲಗಳಿಗೆ ತುಂಬಿ ಬಾಯಿ ಹೊಲಿದಿದ್ದೆ. ಗೋಡೆ ಬೋಳಾಗಿದ್ದು ಕಂಡು ನನಗೆ ಅಳು ಬಂತು, ನಿನ್ನೆದುರು ಅಳಬಾರದು ಅಂತ ಬೈದೆ. ಕೊಡಬೇಕಾದ್ದನ್ನು ಅವತ್ತೇ ಕೊಡಬೇಕಿತ್ತು. ಆದರೆ ನೀನು ಬಸ್ಸಿಗೆ ಹೊತ್ತಾಯಿತು ಅಂತ ಕಾಲು ನೆಲದ ಮೇಲೆ ಊರಲಿಲ್ಲ. ಹೊಲಿದ ಚೀಲ ಬಿಚ್ಚಿ, ಕೂತು, ಹೇಳಿ ಕೊಡುವಂಥದ್ದು ಅದು. ಮುಂದಿನ ಸಲ ಬಂದಾಗ ಬಿಚ್ಚೋಣ. ಚೀಲಗಳೆಲ್ಲ ಮಂಚದ ಕೆಳಗೆ ಹಾಗೇ ಇವೆ.

ಈಗ ಸಿಹಿ ಸುದ್ದಿ. ಕೆಂಪು ಕನ್ನಡಕ ಮನೆಯನ್ನೇ ಹುಡುಕಿಕೊಂಡು ಬಂದಿದ್ದಳು. ಕಾಫಿ ಅಂಗಡಿಯೊಳಗೆ ಬಾಗಿಲ ಪಕ್ಕ ಒಂದು ಮೂಲೆ ಬಿಟ್ಟುಕೊಡುತ್ತಾಳಂತೆ, ನಾನು ಅಲ್ಲಿ ಕೂತು ಕಟ್ಟು ಹಾಕಬಹುದಂತೆ. "ನೀವಿಲ್ಲದೆ ಈ ಜಾಗಕ್ಕೆ ಜೀವನೇ ಇಲ್ಲ ಆಂಟಿ" ಅಂದಳು. ನೋಡು, ಕೆಲಸ ಬಲ್ಲವರನ್ನು ಯಾರಾದರೂ ಹುಡುಕಿಕೊಂಡು ಬಂದೇ ಬರುತ್ತಾರೆ. ಯಾರ ಕೈಕಾಲೂ ಹಿಡಿಯಲಿಲ್ಲ ನಾನು. ಅಪ್ಪ ಇದ್ದಿದ್ದರೆ ಮೀಸೆ ತಿರುವುತ್ತಿದ್ದ.

ನಿನ್ನ ಅಕ್ಕ


2 ಮೇ

ಅಕ್ಕಾ,

ಸಂತೋಷ. ಹೊಸಬರೆಲ್ಲ ಕೆಟ್ಟವರಲ್ಲ ಅಂತ ಇನ್ನಾದರೂ ಒಪ್ಪಿಕೋ. ನಿನ್ನ ಕೆಲಸ ನೋಡಿಯೇ ಕರೆದಿದ್ದಾಳೆ, ಇನ್ಯಾಕೆ ಕರೆಯುತ್ತಾಳೆ.

ಚೀಲಗಳನ್ನು ಬಿಚ್ಚುವ ಆತುರ ಬೇಡ. ಧೂಳು, ನಿನಗೆ ಕೆಮ್ಮು ಹತ್ತುತ್ತದೆ. ನಾನು ಬಂದಾಗ ನೋಡೋಣ.

ಇಲ್ಲಿ ಕೆಲಸ ಜೋರು. ನಾವು ಗಾಜು ಕೂರಿಸುವ ಕಟ್ಟಡದ ಎದುರಿಗೆ ಒಬ್ಬ ಅಜ್ಜಿ ದಿನಾ ಬಂದು ನಿಂತು ಮೇಲೆ ನೋಡುತ್ತಾಳೆ. ಹುಚ್ಚಿ ಇರಬೇಕು ಅಂದುಕೊಂಡಿದ್ದೆ. ಮೊನ್ನೆ ಕೇಳಿದರೆ, ಅವಳ ಮನೆ ಇದ್ದದ್ದು ಇದೇ ಜಾಗದಲ್ಲಂತೆ. ಅಡುಗೆಮನೆ ಎಷ್ಟನೇ ಗಾಜಿನ ನೇರಕ್ಕೆ ಬರುತ್ತದೆ ಅಂತ ನನ್ನನ್ನು ಕೇಳಿದಳು. ನನಗೇನು ಗೊತ್ತು? ಗೊತ್ತಿಲ್ಲ ಅಜ್ಜಿ ಅಂದೆ.

ಮೊರ


23 ಜೂನ್

ನಿನಗೆ,

ಮೊದಲು ಇದಕ್ಕೆ ಉತ್ತರ ಕೊಡು, ಕೆರೆಯ ಚಿತ್ರ ಎಲ್ಲಿ?

ಕಾಫಿ ಅಂಗಡಿ ಶುರುವಾಗಿ ವಾರವಾಯಿತು. ನನ್ನ ಮೂಲೆಯೂ ಸಿಕ್ಕಿತು. ಅಪ್ಪನ ಮೇಜು, ಅಪ್ಪನ ಸುತ್ತಿಗೆ, ಮೇಲೊಂದು ಹಳದಿ ದೀಪ. ಬಂದವರು ಕಾಫಿ ಕಪ್ಪು ಹಿಡಿದು ನನ್ನ ಫೋಟೋ ತೆಗೆಯುತ್ತಾರೆ, ಒಬ್ಬರೂ ಒಂದು ಫೋಟೋ ಕಟ್ಟು ಹಾಕಿಸಲಿಲ್ಲ. ಮೂರನೇ ದಿನ ಕನ್ನಡಕದವಳು ಬಂದು, "ಆಂಟಿ, ಸ್ವಲ್ಪ ಸುತ್ತಿಗೆ ಹೊಡೀಬೇಡಿ, ಎಲ್ಲರೂ ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸ ಮಾಡ್ತಿರ್ತಾರೆ" ಅಂದಳು. ಮೊಳೆ ಹೊಡೆಯದೆ ಕಟ್ಟು ಹಾಕೋದು ಹೇಗಮ್ಮ ಅಂದೆ. "ಸುಮ್ನೆ ಹಿಡ್ಕೊಂಡು ಕೂತಿರಿ ಸಾಕು" ಅಂದಳು. ಸುತ್ತಿಗೆ ಹಿಡಿದುಕೊಂಡು ಸುಮ್ಮನೆ ಕೂರಬೇಕಂತೆ! ಬೊಂಬೆಯಂಗಡಿಗಾದರೂ ಹೋಗಿ ಕೂತಿದ್ದರೆ ಮಕ್ಕಳು ನೋಡುತ್ತಿದ್ದವು.

ಅದೂ ಸಹಿಸಿಕೊಂಡೆ. ಇವತ್ತು ಕೈ ತೊಳೆಯಲು ಒಳಗೆ ಹೋದೆ. ಬೇಸಿನ್ ಮೇಲೆ ಕನ್ನಡಿ. ಕನ್ನಡಿಯ ಸುತ್ತ ಕೆರೆ ಚಿತ್ರದ ಕಟ್ಟು. ಅಪ್ಪ ಕೂರಿಸಿದ ಕಟ್ಟಿನ ಮೂಲೆ ನನಗೆ ಗೊತ್ತಾಗುವುದಿಲ್ಲವೇ? ಮನೆಗೆ ಓಡಿ ಬಂದು ಚೀಲಗಳನ್ನೆಲ್ಲ ಹರಿದು ಹಾಕಿದೆ. ಯಾವುದರಲ್ಲೂ ಕೆರೆ ಇಲ್ಲ. ಧೂಳು, ಕೆಮ್ಮು ಅಂತ ಬರೆದಿದ್ದೆಯಲ್ಲ, ಈಗ ಅರ್ಥವಾಯಿತು.

ಏನು ಮಾಡಿದೆ ಹೇಳು.

ಅಕ್ಕ


5 ಜುಲೈ

ಅಕ್ಕಾ,

ಹೌದು, ನಾನೇ ಕೊಟ್ಟೆ. ನೀನು ಆಸ್ಪತ್ರೆಗೆ ಹೋಗಿದ್ದ ಮಧ್ಯಾಹ್ನ ಅವಳು ಬಂದಳು, ಆ ಕಟ್ಟು ಕೇಳಿದಳು. ದುಡ್ಡು ಬೇಡ, ನಮ್ಮ ಅಕ್ಕನಿಗೆ ಒಳಗೆ ಒಂದು ಮೂಲೆ ಕೊಡಿ ಅಂದೆ. ಒಪ್ಪಿದಳು. ನಿನ್ನ ಮೂಲೆ ಬಂದದ್ದು ಹಾಗೆ. ನಿನಗೆ ಹೇಳಿದ್ದರೆ ನೀನು ಆ ಮೂಲೆಯ ಮೇಲೆ ಉಗುಳಿ ಬರುತ್ತಿದ್ದೆ, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

ಇಷ್ಟಕ್ಕೂ ಯಾವ ಚಿತ್ರ ಅದು? ಯಾವುದೋ ಹಳೇ ಕ್ಯಾಲೆಂಡರಿನ ಕೆರೆ. ನೀರು ಯಾವುದು ಆಕಾಶ ಯಾವುದು ತಿಳಿಯದ ಹಾಗೆ ಬಣ್ಣ ಹೋಗಿತ್ತು. ಮೂರು ಕಾಸಿನ ಚಿತ್ರಕ್ಕೆ ಇಷ್ಟು ರಂಪವೇ? ಒಡಹುಟ್ಟಿದವನಿಗೆ "ನಿನಗೆ" ಅಂತ ಕಾಗದ ಶುರು ಮಾಡುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ? ಬೇಕಾದರೆ ಇಲ್ಲಿಂದ ಅಂಥ ಹತ್ತು ಕೆರೆ ಕಳಿಸುತ್ತೇನೆ.

ಮೊರ


14 ಜುಲೈ

ಮೊರ,

ಕೆರೆ ಯಾರಿಗೆ ಬೇಕಾಗಿತ್ತು?

ಅಮ್ಮನ ಫೋಟೋ ಸೋರಿ ಹಾಳಾಗಲಿಲ್ಲ. ಅದು ಅಪ್ಪ ನಿನಗೆ ಹೇಳಿದ ಸುಳ್ಳು. ನೀನು ಆಗ ತೊಟ್ಟಿಲಲ್ಲಿದ್ದೆ. ಅಮ್ಮ ತೀರಿಹೋದ ಮೇಲೆ ಅಪ್ಪ ಆ ಫೋಟೋವನ್ನು ಮೇಜಿನ ಮೇಲುಗಡೆ ಹಾಕಿ ಕೆಲಸಕ್ಕೆ ಕೂತ. ಒಂದು ದಿನ ಕೊಯ್ಯಲು ಹೋಗಿ ಗಾಜಿನ ಮೇಲೆ ಗಾಜು ಒಡೆದ. "ಇವಳ ಎದುರಿಗೆ ಕೂತು ಬೇರೆಯವರ ಹೆಂಡ್ತೀರಿಗೆ ಕಟ್ಟು ಹಾಕೋಕೆ ನನ್ನ ಕೈಲಾಗಲ್ಲ ಮಗಳೇ" ಅಂದ. ಅದರ ಮುಂದೆ ಕೆರೆ ಇಟ್ಟ, ಹಿಂದೆ ರಟ್ಟು ಇಟ್ಟ, ಮೊಳೆ ಹೊಡೆದ. ಮೊಳೆ ಎತ್ತಿ ಎತ್ತಿ ಕೊಟ್ಟವಳು ನಾನು. ಅಂಗಡಿ ಇರುವವರೆಗೂ ಅವಳು ಅಲ್ಲೇ ಇರಲಿ, ಅಂಗಡಿ ಮುಚ್ಚುವ ದಿನ ತೆಗೆದು ತಮ್ಮನ ಕೈಗೆ ಕೊಡು ಅಂತ ಮಾತು ತೆಗೆದುಕೊಂಡ. ನೀನು ಅದರ ಕೆಳಗೇ ಕೂತು ಗಾಜು ಒರೆಸುವುದು ಕಲಿತೆ, ಅದರ ಕೆಳಗೇ ಊಟ ಮಾಡಿದೆ.

ಇವತ್ತು ಕನ್ನಡಕದವಳನ್ನು ಕೇಳಿದೆ. ಕೆರೆ ಹಳತಾಗಿತ್ತು, ಅವಳ ಕಂಟ್ರಾಕ್ಟರು ಅದನ್ನು ಮಾತ್ರ ಕಿತ್ತು ಎಸೆದನಂತೆ. ಅದರ ಹಿಂದೆ ಏನೋ ಹಳೇ ಫೋಟೋ ಅಂಟಿಸಿದ ರಟ್ಟು ಇತ್ತು, ಗಟ್ಟಿಯಾಗಿತ್ತು, ಅದರ ಮೇಲೇ ಕನ್ನಡಿ ಕೂರಿಸಿದನಂತೆ. ನಿಮ್ಮ ಪದ್ಧತಿನೇ ಪಾಲಿಸಿದ್ದೀವಿ ಆಂಟಿ ಅಂತ ನಗುತ್ತಾ ಹೇಳಿದಳು. ಬಿಚ್ಚಿಕೊಡು ಅಂದೆ. ಗೋಡೆಗೂ ಅಂಟು ಹಾಕಿದ್ದಾರೆ, ಆಗಲ್ಲ ಅಂದಳು.

ಅಮ್ಮನನ್ನು ಕೊಟ್ಟು ನನಗೆ ಮೂಲೆ ತಂದೆಯಲ್ಲೋ. ಆ ಮೂಲೆ ಇವತ್ತೇ ಬಿಟ್ಟು ಬಂದೆ.

ಅಕ್ಕ


22 ಜುಲೈ

ಅಕ್ಕಾ,

ಕಾಗದ ಬಂದ ದಿನ ಕೆಲಸಕ್ಕೆ ಹೋಗಲಿಲ್ಲ. ಬೈಯಲು ಎಷ್ಟೋ ಸಲ ಬರೆದು ಹರಿದೆ. ಇಷ್ಟು ವರ್ಷ ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ ನೀನು. ಅಮ್ಮ ನಿನಗೊಬ್ಬಳಿಗೇ ಅಮ್ಮನಾ? ನನ್ನ ಕೈಗೆ ಸಿಕ್ಕಿದ್ದನ್ನು ನಾನೇ ಎತ್ತಿ ಕೊಡುವ ಹಾಗೆ ಮಾಡಿದೆಯಲ್ಲ.

ಅದು ಆಮೇಲೆ. ಈಗ ಹೇಳಿದ ಹಾಗೆ ಕೇಳು. ಆ ಕನ್ನಡಿ ಮುಟ್ಟಬೇಡ. ಹತ್ತಿರ ಹೋಗಿ ಮೂಸಿ ನೋಡು, ಹುಳಿ ವಾಸನೆ ಬರುತ್ತದಾ? ಬಂದರೆ ಅದು ನಾವು ಇಲ್ಲಿ ಹಾಕುವ ಅಂಟೇ. ಮೀಟಿದರೆ ಕನ್ನಡಿ ಚೂರಾಗುತ್ತದೆ. ಸಣ್ಣ ತಂತಿಯನ್ನು ಹಿಂದಿನಿಂದ ತೂರಿಸಿ ಗರಗಸದ ಹಾಗೆ ಎಳೆದು ಎಳೆದು ಕೊಯ್ಯಬೇಕು, ಆತುರ ಮಾಡಬಾರದು. ನಾನೇ ಬಂದು ಕೊಯ್ಯುತ್ತೇನೆ. ಕಟ್ಟಡ ಮುಗಿಯುವವರೆಗೆ ಮೇಸ್ತ್ರಿ ಯಾರಿಗೂ ರಜ ಕೊಡುತ್ತಿಲ್ಲ, ಮುಗಿದ ದಿನವೇ ಹೊರಡುತ್ತೇನೆ. ಅಲ್ಲಿಯವರೆಗೆ ಕಾಯು. ಒಂದು ಮಾತು ಕೇಳಬೇಕು ಅಂತಿದ್ದೆ, ಅಮ್ಮನದು, ನೋಡಿಯೇ ತಿಳಿದುಕೊಳ್ಳುತ್ತೇನೆ ಬಿಡು.

ಮೊರ


30 ಆಗಸ್ಟ್

ಮೊರನಿಗೆ,

ಕಾಯಲಿಲ್ಲ. ಕಾಯುವುದಕ್ಕೆ ಬಿಡಲಿಲ್ಲ.

ಮೂಲೆ ಬಿಟ್ಟ ಮೇಲೂ ವಾರಕ್ಕೊಮ್ಮೆ ಗಿರಾಕಿಯ ಹಾಗೆ ಹೋಗಿ, ಎಲ್ಲಕ್ಕಿಂತ ಅಗ್ಗದ ಕಾಫಿ ತೆಗೆದುಕೊಂಡು, ಕೈ ತೊಳೆದು ಬರುತ್ತಿದ್ದೆ. ಹುಳಿ ವಾಸನೆ ಇತ್ತು. ಮೊನ್ನೆ ಹೋದರೆ ಕನ್ನಡಕದವಳು, "ಹಳೇ ಲುಕ್ ಈಗ ಎಲ್ಲಾ ಕಡೆ ಬಂದುಬಿಟ್ಟಿದೆ ಆಂಟಿ, ಬೇಸರ, ನಾಳೆ ಎಲ್ಲಾ ಬದಲಾಯಿಸ್ತೀವಿ" ಅಂದಳು. ಕಟ್ಟು ಅವಳ ಇನ್ನೊಂದು ಅಂಗಡಿಗೆ ಹೋಗುತ್ತದಂತೆ, ಕನ್ನಡಿ ಒಡೆದು ತೆಗೆಯುತ್ತಾರಂತೆ. ಅದರ ಹಿಂದೆ ನಮ್ಮ ತಾಯಿ ಇದ್ದಾಳೆ ಕಣಮ್ಮ, ನಾನೇ ತೆಗೆದುಕೊಳ್ತೀನಿ ಅಂದೆ. ಬೇಡಿಕೊಂಡೆ ಅಂತಲೇ ಇಟ್ಟುಕೋ. ಅವಳ ಕಣ್ಣಲ್ಲಿ ನೀರು ಬಂತು. ನಿಜವಾಗಿ ಬಂತು. ಕಣ್ಣು ಒರೆಸಿಕೊಂಡು, "ನೀವು ತೆಗೆಯೋಕೆ ಹೋಗಿ ಏನಾದ್ರೂ ಆದ್ರೆ ಇನ್ಶೂರೆನ್ಸ್ ತೊಂದರೆ ಆಗತ್ತೆ ಆಂಟಿ, ಕಂಟ್ರಾಕ್ಟರ್‌ಗೆ ಹುಷಾರಾಗಿ ಒಡೀರಿ ಅಂತ ಹೇಳ್ತೀನಿ" ಅಂದಳು. ಹುಷಾರಾಗಿ ಒಡೆಯುವುದು ಹೇಗೆ ಅಂತ ಅವಳೇ ಹೇಳಬೇಕು.

ಮನೆಗೆ ಹೋಗಿ ಪಟ ತೂಗುಹಾಕುವ ತಂತಿ, ತೆಳು ಚಾಕು ಚೀಲಕ್ಕೆ ಹಾಕಿಕೊಂಡು ವಾಪಸು ಬಂದೆ. ಮಟಮಟ ಮಧ್ಯಾಹ್ನ, ಅಂಗಡಿ ತುಂಬ ಜನ. ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ನೀನು ಬರೆದ ಹಾಗೇ ಎಳೆದೆ, ಆತುರ ಮಾಡಲಿಲ್ಲ. ಮೊದಲು ಒಬ್ಬರು ಮೆಲ್ಲಗೆ ಬಾಗಿಲು ತಟ್ಟಿದರು. ಆಮೇಲೆ ನಾಲ್ಕು ಜನ ಗುದ್ದಿದರು. "ಒಳಗೆ ಯಾರ್ರೀ, ಎಷ್ಟು ಹೊತ್ತು?" ಅಂತ ಒಬ್ಬಳು ಕಿರುಚಿದಳು. ನಮ್ಮ ಅಂಗಡಿಯಿದ್ದ ಜಾಗದಲ್ಲಿ ನನಗೇ ಬಾಗಿಲು ಗುದ್ದುತ್ತಿದ್ದಾರೆ ಅಂತ ಹೊಟ್ಟೆ ಉರಿದು, ಇನ್ನೂ ಜೋರಾಗಿ ಎಳೆದೆ. ಅಲ್ಲೇ ತಪ್ಪಾಯಿತು. ಕನ್ನಡಿ ಅಡ್ಡಕ್ಕೆ ಬಿರುಕು ಬಿಟ್ಟಿತು. ಆದರೆ ಕಳಚಿಕೊಂಡು ಬಂತು.

ಕಟ್ಟನ್ನು ಬಿಡಿಸಿ ಗೋಡೆಗೆ ಒರಗಿಸಿಟ್ಟೆ, ಅವಳಿಗೆ ಬೇಕಾದ್ದು ಅದೇ ತಾನೆ. ಕನ್ನಡಿಯನ್ನು ಸೆರಗಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು ಹೊರಗೆ ಬಂದೆ. ಎಲ್ಲರೂ ಫೋನು ಎತ್ತಿ ಹಿಡಿದಿದ್ದರು. ಕಟ್ಟಡದ ಯಜಮಾನರು ಅಲ್ಲೇ ಕಾಫಿ ಕುಡಿಯುತ್ತಿದ್ದರು, ತಲೆ ಬಗ್ಗಿಸಿ ಕಪ್ಪು ನೋಡುತ್ತಾ ಕೂತರು. ಇನ್ನು ಆ ಬಾಗಿಲು ನಾನು ತುಳಿಯುವ ಹಾಗಿಲ್ಲವಂತೆ, ಇಸ್ತ್ರಿ ಅಣ್ಣನ ಹತ್ತಿರ ಹೇಳಿ ಕಳಿಸಿದ್ದಾಳೆ. ತುಳಿಯುವುದಕ್ಕೆ ಅಲ್ಲಿ ನನ್ನದೇನಿದೆ?

ಈಗ ಕೇಳು. ಅಮ್ಮ ಕನ್ನಡಿಯ ಬೆನ್ನಿಗೆ ಮುಖ ಮಾಡಿ ಅಂಟಿಕೊಂಡಿದ್ದಾಳೆ. ಹಿಂದಿನಿಂದ ನೋಡಿದರೆ ಬರೀ ರಟ್ಟು, ಮುಂದಿನಿಂದ ನೋಡಿದರೆ ನನ್ನದೇ ಬಿರುಕು ಬಿಟ್ಟ ಮುಖ. ಬಿಡಿಸಲು ನನ್ನ ಕೈ ಬರುತ್ತಿಲ್ಲ. ಮರದ ಪೆಟ್ಟಿಗೆಯಲ್ಲಿ ಹತ್ತಿ ಹಾಕಿ ನಿನಗೇ ಕಳಿಸುತ್ತಿದ್ದೇನೆ. ಅಪ್ಪನಿಗೆ ಕೊಟ್ಟ ಮಾತು ಮುಗಿಯಿತು. ದೊಡ್ಡ ದೊಡ್ಡ ಕಟ್ಟಡದ ಗಾಜಿನವನಲ್ಲವೇ ನೀನು, ಬಿಡಿಸು.

ಅಕ್ಕ


21 ಸೆಪ್ಟೆಂಬರ್

ಅಕ್ಕಾ,

ಪೆಟ್ಟಿಗೆ ಬಂತು. ಬಂದು ಎಷ್ಟೋ ದಿನವಾಯಿತು, ಬರೆಯಲು ಆಗಲಿಲ್ಲ.

ಕಟ್ಟಡ ಮುಗಿಯಿತು. ಎಲ್ಲರೂ ಊರಿಗೆ ಹೊರಟರು, ನಾನು ಕಟ್ಟಡದ ಹಿಂದಿನ ಕೂಲಿಕೋಣೆಯಲ್ಲೇ ಉಳಿದೆ. ಅಂಟು ಕರಗಿಸಲು ನಮ್ಮಲ್ಲಿ ಒಂದು ಎಣ್ಣೆ ಇದೆ, ಅದನ್ನು ಮೊದಲು ಬೇರೆ ಯಾವುದೋ ಹಳೇ ಫೋಟೋದ ಚೂರಿನ ಮೇಲೆ ಹಾಕಿ ನೋಡಿದೆ. ಅಂಟು ಕರಗುವ ಮೊದಲು ಆ ಫೋಟೋ ಕರಗಿತು. ಬಿಟ್ಟೆ. ಬಿಸಿ ಮಾಡಿ ನೋಡಿದೆ. ಕೊನೆಗೆ ಬ್ಲೇಡು ಹಿಡಿದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡಿಸುತ್ತಾ ಹೋದೆ.

ಅಂಟು ಹಾಕುವವನು ನಾಲ್ಕು ಮೂಲೆಗೆ ಒಂದೊಂದು ಮುದ್ದೆ ಹಾಕುತ್ತಾನೆ, ನಡುವೆ ಒಂದು ದೊಡ್ಡ ಮುದ್ದೆ ಹಾಕುತ್ತಾನೆ. ಎಲ್ಲರೂ ಹಾಗೇ ಹಾಕುವುದು. ನಾನೂ ಹಾಗೇ ಹಾಕುತ್ತೇನೆ. ಆ ನಡುವಿನ ಮುದ್ದೆ ಸರಿಯಾಗಿ ಮುಖದ ಮೇಲೆ ಬಿದ್ದಿದೆ ಅಕ್ಕ. ಕಣ್ಣು, ಮೂಗು, ಬಾಯಿ, ಎಲ್ಲಾ ಅಂಟಿನ ಜೊತೆ ಎದ್ದು ಬಂದುಬಿಟ್ಟಿತು. ಬಿಳೀ ಕಾಗದ ಉಳಿಯಿತು. ಅಂಟು ಹಾಕಿದವನನ್ನು ಬೈಯೋಣ ಅಂದರೆ ಬಾಯಿ ಬರುವುದಿಲ್ಲ. ನನ್ನ ಹಾಗೇ ಕೂಲಿಗೆ ಬಂದವನು, ಹಿಂದೆ ಯಾರಿದ್ದಾರೆ ಅಂತ ಅವನ್ಯಾಕೆ ನೋಡುತ್ತಾನೆ? ನಾನು ಯಾವತ್ತು ನೋಡಿದ್ದೇನೆ? ಆ ಅಜ್ಜಿ ಇವತ್ತೂ ಬಂದು ನಿಂತಿದ್ದಳು. ಅವಳ ಎದುರಿಗೆ ಹೋಗಲು ಧೈರ್ಯವಾಗದೆ ಹಿಂದಿನ ಗೇಟಿನಿಂದ ಬಂದೆ.

ನಾನು ಕೇಳಿದ್ದರೆ ನೀನು ಹೇಳುತ್ತಿದ್ದೆಯೋ, ನೀನು ಹೇಳಿದ್ದರೆ ನಾನು ಕೊಡುತ್ತಿರಲಿಲ್ಲವೋ, ಇನ್ನು ಆ ಜಗಳ ಬೇಡ. ನನ್ನ ಸಿಟ್ಟು ಹೋಗಿಲ್ಲ. ನಿನ್ನದೂ ಹೋಗಿರುವುದಿಲ್ಲ.

ಎರಡು ಮುದ್ದೆಗಳ ನಡುವೆ ಅಂಟು ತಾಗದ ಸ್ವಲ್ಪ ಜಾಗ ಇತ್ತು. ಅಲ್ಲಿ ಎಡಗಡೆಯ ಕೂದಲು ಉಳಿದಿದೆ, ಬಿಗಿಯಾಗಿ ಹಿಂದಕ್ಕೆ ಬಾಚಿದ್ದಾಳೆ. ಕಿವಿ ಪೂರ್ತಿ ಉಳಿದಿದೆ. ಮೊರದಗಲ ಇದೆ. ನನ್ನದೇ ಕಿವಿ. ಕೂದಲಲ್ಲಿ ಮುಚ್ಚಿಕೊಂಡೂ ಇಲ್ಲ ಅಕ್ಕ, ಕಾಣಲಿ ಅಂತಲೇ ಬಿಟ್ಟಿದ್ದಾಳೆ.

ಮಿಕ್ಕದ್ದು ನೀನು ನೋಡಿದ್ದೀಯ, ನಾನು ನೋಡಿಲ್ಲ. ಹಣೆ ಹೇಗಿತ್ತು, ಕಣ್ಣು ಹೇಗಿತ್ತು, ನಗುತ್ತಿದ್ದಳೋ ಇಲ್ಲವೋ, ನೆನಪಿದ್ದಷ್ಟು ಬರಿ. ಫೋನಿನಲ್ಲಿ ಹೇಳಬೇಡ, ನಾನು ಹೂಂ ಅಂದುಬಿಡುತ್ತೇನೆ.

ಮೊರ